ಕೆನ್ನೆಯ ಮೇಲಿನ ಬಿಳಿ

ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯಲ್ಲಿ ಕುಳಿತು ಸಂದೀಪ ದಿನಕ್ಕೆ ಏಳೆಂಟು ನೂರು ಚಪ್ಪಲಿಗಳ ಮುಖ ನೋಡುತ್ತಿದ್ದ. ಚಪ್ಪಲಿಗೆಂಥ ಮುಖ ಎಂದು ನಗಬೇಡಿ. ಆನ್‌ಲೈನಿನಲ್ಲಿ ಚಪ್ಪಲಿ ಮಾರುವವರನ್ನು ಕೇಳಿ ನೋಡಿ, ಗೊತ್ತಾಗುತ್ತದೆ. ಕ್ಯಾಮೆರಾದವನು ತೆಗೆದುಕೊಡುವ ಫೋಟೋ ಗೋಡೆಗೆ ಹಾಕುವಷ್ಟು ದೊಡ್ಡದು. ಅದನ್ನು ಫೋನಿಗೊಂದು ಅಳತೆ, ಕಂಪ್ಯೂಟರಿಗೊಂದು ಅಳತೆ, ಪಟ್ಟಿಯಲ್ಲಿ ತೋರಿಸಲು ಉಗುರಿನಷ್ಟು ಇನ್ನೊಂದು ಅಳತೆ ಎಂದು ಕುಗ್ಗಿಸಬೇಕು. ಕುಗ್ಗಿಸುವುದು ಕಂಪ್ಯೂಟರು, ಹೇಗೆ ಕುಗ್ಗಿಸಬೇಕು ಎಂದು ಅದಕ್ಕೆ ಬರೆದುಕೊಡುವವನು ಸಂದೀಪ. ಬರೆದದ್ದು ಸ್ವಲ್ಪ ಹೆಚ್ಚುಕಡಿಮೆಯಾದರೆ ಸಾಕು, ಹೊಲಿಗೆಯ ನೂಲು ಕಡಿದುಕಡಿದು ಕಾಣುತ್ತದೆ, ಚಪ್ಪಲಿಯ ಬಾರಿನ ಅಂಚಿಗೆ ಬಿಳಿ ಗೆರೆ ಏಳುತ್ತದೆ, ಗಿರಾಕಿ ಇದು ಹರಿದ ಮಾಲು ಎಂದುಕೊಂಡು ಮುಂದೆ ಹೋಗುತ್ತಾನೆ.

ಆ ಕೆಲಸದಲ್ಲಿ ಸಂದೀಪನಷ್ಟು ಕಟ್ಟುನಿಟ್ಟಿನವನು ಆ ಇಡೀ ಎಸ್ಟೇಟಿನಲ್ಲಿ ಇರಲಿಲ್ಲ. ಹೊಸಬರು ಬಂದರೆ ಮೊದಲ ದಿನವೇ ಪಾಠ: ಅಸಲು ಫೋಟೋವನ್ನು ಮುಟ್ಟಬೇಡಿ, ಅದು ದೇವರ ಕೋಣೆಯಲ್ಲಿರಲಿ. ಎಷ್ಟು ಅಳತೆ ಬೇಕೋ ಅಷ್ಟನ್ನೂ ಅಸಲಿನಿಂದಲೇ ಮಾಡಿ. ಚಿಕ್ಕದರಿಂದ ಇನ್ನೊಂದನ್ನು ಹುಟ್ಟಿಸಬೇಡಿ. ಇಷ್ಟು ಹೇಳಿಯೂ ಅವನಿಗೆ ಸಮಾಧಾನವಿಲ್ಲ. ಒಂದೊಂದು ಚಪ್ಪಲಿಯನ್ನೂ ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಕಣ್ಣು ಕಿರಿದು ಮಾಡಿ ನೋಡಬೇಕು. ಪಕ್ಕದ ಮೇಜಿನ ಅಮೋಲ್ ಬಿದ್ದು ಬಿದ್ದು ನಗುತ್ತಿದ್ದ. "ಅರೇ ಸಂದೀಪ್ ಭಾವು, ಚಪ್ಪಲ್ ಆಹೇ, ನವರೀ ನಾಹೀ!" ಅಂದರೆ, ಇದು ಚಪ್ಪಲಿ ಮಾರಾಯ, ಮದುಮಗಳಲ್ಲ. ಸಂದೀಪನೂ ನಗುತ್ತಿದ್ದ. ನಕ್ಕು ಮತ್ತೆ ಚಪ್ಪಲಿಗೆ ಕಣ್ಣು ಹಾಕುತ್ತಿದ್ದ.

ಮದುಮಗಳ ವಿಷಯ ಅವನ ಜೀವನದಲ್ಲಿ ಮುಗಿದುಹೋದ ಕಥೆ. ವಯಸ್ಸು ನಲವತ್ತಮೂರು. ಅಪ್ಪ ಉಡುಪಿ ಕಡೆಯಿಂದ ಬಂದು ಅಂಧೇರಿಯ ಹೋಟೆಲಿನಲ್ಲಿ ಅಡುಗೆ ಮಾಡಿ, ಒಂದು ರೂಮು ಒಂದು ಕಿಚನ್‌ನ ಮನೆ ಮಾಡಿಟ್ಟು ತೀರಿಕೊಂಡವರು. ಅಮ್ಮ ಹೋಗಿ ಮೂರು ವರ್ಷ. ಅಮ್ಮ ಇದ್ದಾಗ ಮನೆ ಸಣ್ಣದಾಯಿತು ಅನ್ನಿಸುತ್ತಿತ್ತು. ಈಗ ಅದೇ ಮನೆಯಲ್ಲಿ ಚಮಚ ಕೆಳಗೆ ಬಿದ್ದರೂ ಬೆಚ್ಚಿಬೀಳುತ್ತಾನೆ. ಶನಿವಾರ ಸಂಜೆ ಆಫೀಸಿನ ಮೆಟ್ಟಿಲಿಳಿದವನು ಸೋಮವಾರ ಮತ್ತೆ ಹತ್ತುವ ತನಕ ಒಬ್ಬರ ಹತ್ತಿರವೂ ಬಾಯಿ ಬಿಡದೆ ಕಳೆದ ವಾರಗಳು ಎಷ್ಟೋ. ಹೋಟೆಲಿನವರಿಗೂ ಅವನಿಗೆ ಏನು ಬೇಕೆಂದು ಗೊತ್ತಿತ್ತು, ಅವರೂ ಕೇಳುತ್ತಿರಲಿಲ್ಲ. ಒಂಟಿತನ ಅಂದರೆ ಇದೇ ನೋಡಿ. ಯಾರೂ ಬೈಯುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಹಾಗಾಗಿ ತಿಂಗಳ ಮೂರನೇ ಭಾನುವಾರ ಅವನಿಗೆ ಹಬ್ಬ. ಅಂದು ಅವನು ದಾದರಿಗೆ ಹೋಗಿ, ಸ್ಟೇಷನ್ ಹತ್ತಿರದ ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆ ಹತ್ತಿ, ಊರವರ ಸಂಘದ ಆಫೀಸಿನಲ್ಲಿ ಕೂರುತ್ತಿದ್ದ. ಸಂಘಕ್ಕೊಂದು ವಧೂವರರ ವೆಬ್‌ಸೈಟು ಇತ್ತು. ಹದಿಮೂರು ವರ್ಷದ ಹಿಂದೆ, ಮೂವತ್ತರ ಹುರುಪಿನಲ್ಲಿ, ಒಂದೇ ವಾರದಲ್ಲಿ ಬರೆದುಕೊಟ್ಟವನು ಅವನೇ. ಅವತ್ತು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದಿದ್ದರು. ಆಮೇಲಿಂದ ಅದರ ಸಣ್ಣಪುಟ್ಟ ರಿಪೇರಿ ಅವನ ಪಾಲಿಗೆ ಬಂತು. ಯಾರ ವಿಳಾಸ ಬದಲಾಯಿತು, ಯಾರ ಮದುವೆ ನಿಶ್ಚಯವಾಯಿತು, ಅಷ್ಟೆ. ಕಂಪ್ಯೂಟರಿಗೆ ತಾನು ಬರೆದುಕೊಟ್ಟ ಕೋಡನ್ನು ಪೂರ್ತಿ ಬಿಚ್ಚಿ ಓದುವ ಪ್ರಮೇಯವೇ ಬಂದಿರಲಿಲ್ಲ.

ಆ ಭಾನುವಾರ ವಧೂವರ ವಿಭಾಗದ ಐತಣ್ಣ ಪ್ರಿಂಟರಿನೊಡನೆ ಜಗಳವಾಡುತ್ತಿದ್ದರು. ಐತಣ್ಣ ಬ್ಯಾಂಕೊಂದರ ಕ್ಯಾಂಟೀನಿನಲ್ಲಿ ಮ್ಯಾನೇಜರಾಗಿ ರಿಟೈರಾದ ಅರವತ್ತೆಂಟರ ಮುದುಕ. ವೆಬ್‌ಸೈಟಿನ ಮೇಲೆ ಅವರಿಗೆ ಮೂರು ಕಾಸಿನ ನಂಬಿಕೆಯಿಲ್ಲ. ಪ್ರತಿಯೊಬ್ಬರ ಫಾರಂ ಮೇಲೆ ಗೋಂದು ಹಚ್ಚಿ ಫೋಟೋ ಅಂಟಿಸಿ, ದಪ್ಪ ಫೈಲಿನಲ್ಲಿ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಪ್ಲಾಸ್ಟಿಕ್ ಫೋಲ್ಡರ್ ಎದೆಗವಚಿಕೊಂಡು ಒಬ್ಬಳು ಹೆಂಗಸು ಒಳಗೆ ಬಂದಳು. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಹತ್ತಿ ಚೂಡಿದಾರ್. ವಿಲೆ ಪಾರ್ಲೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ವಾರಿಜಾ. ಸಂದೀಪನಿಗೆ ಅವಳ ಮುಖ ಪರಿಚಯವಿರಲಿಲ್ಲ.

"ಐತಣ್ಣ, ಇದನ್ನು ಸೈಟಿನಲ್ಲಿ ನನ್ನ ಫೋಟೋದ ಪಕ್ಕ ಹಾಕ್ಲಿಕ್ಕೆ ಆಗ್ತದಾ?" ಎಂದು ಫೋಲ್ಡರಿನಿಂದ ಒಂದು ಕಾಗದ ತೆಗೆದಳು.

ಐತಣ್ಣ ಕನ್ನಡಕ ಏರಿಸಿ ಓದಿದರು. ಓದಿ ಮುಖ ಕಪ್ಪಿಟ್ಟಿತು. ಅದು ಚರ್ಮರೋಗದ ಡಾಕ್ಟರರ ಸರ್ಟಿಫಿಕೇಟು. ಈಕೆಯ ಮುಖದ ಮೇಲಾಗಲೀ ಮೈಮೇಲಾಗಲೀ ತೊನ್ನಿನ ಯಾವ ಲಕ್ಷಣವೂ ಇಲ್ಲ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿದ್ದರು.

"ಎಂತದು ವಾರಿಜಾ ಇದು? ನಿನಗೆಂತ ಮರುಳಾ?"

"ಮರುಳಲ್ಲ ಐತಣ್ಣ. ಹೋದ ವಾರ ಬೋರಿವಲಿಯವರು ನೋಡ್ಲಿಕ್ಕೆ ಬಂದಿದ್ರಲ್ಲ. ಹೆಂಡತಿ ತೀರಿಹೋದವರು, ನನಗೇನೂ ಬೇಜಾರಿರಲಿಲ್ಲ, ಹೂಂ ಅಂದಿದ್ದೆ. ಅವರ ಅಮ್ಮ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ್ರು. ಪೌಡರ್ ಹಾಕಿದ್ದೀಯಾ ಕೇಳಿದ್ರು. ಇಲ್ಲ ಅಂದೆ. ನಂಬದೆ ಸೆರಗಿನ ತುದಿ ಒದ್ದೆ ಮಾಡಿ ನನ್ನ ಕೆನ್ನೆ ಒರೆಸಿದ್ರು. ತೊಳೆದ ಪಾತ್ರೆ ಒರೆಸ್ತಾರಲ್ಲ, ಹಾಗೆ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಒರೆಸಿದ ಮೇಲೂ ಬೇಡ ಅಂತ ಫೋನ್ ಬಂತು. ಏಳು ವರ್ಷದಿಂದ ಇದೇ ಕಥೆ. ಇದಾದ್ರೂ ನಂಬ್ತಾರಾ ನೋಡುವ."

ತೊನ್ನು ಇದ್ದರೇನಂತೆ, ಅದು ಅಂಟುವುದೂ ಇಲ್ಲ, ಯಾರ ಗಂಟೂ ಕದಿಯುವುದಿಲ್ಲ. ಆದರೆ ಮದುವೆಯ ಮಾತುಕತೆಗೆ ಕೂತ ಜನಕ್ಕೆ ಇದನ್ನು ಹೇಳಿ ಬದುಕಿ ಬಂದವರುಂಟೇ? ಆ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಚಾ ಲೋಟ ಅರ್ಧಕ್ಕೇ ಇಟ್ಟು ಎದ್ದುಬಿಡುತ್ತಾರೆ.

"ಯಾರು ಎಬ್ಬಿಸಿದ್ದೋ ಈ ಸುದ್ದಿ, ಅವರ ನಾಲಿಗೆಗೆ ಹುಳ ಬೀಳ!" ಎಂದು ಐತಣ್ಣ ಮೇಜು ಕುಟ್ಟಿದರು.

"ಯಾರು ಅಂತ ಗೊತ್ತುಂಟಲ್ಲ. ನನ್ನ ಅತ್ತಿಗೆ." ವಾರಿಜಾ ಕಾಗದವನ್ನು ಬೆರಳಿನಿಂದ ನೀಟು ಮಾಡಿದಳು. "ಮನೆಗೆ ಸಂಬಳ ತರುವ ನಾದಿನಿ ಹೋಗುವುದು ಅವರಿಗೆ ಬೇಡ ಇತ್ತು. ನನ್ನ ಕೆನ್ನೆಯನ್ನು ದಿನಾ ಹತ್ತಿರದಿಂದ ನೋಡುವವರು ಇನ್ಯಾರಿದ್ರು ಹೇಳಿ? ಹಾಗೆ ಸುದ್ದಿ ಹೊರಗೆ ಹೋಗ್ಬೇಕಾದ್ರೆ ಮನೆಯೊಳಗಿಂದಲೇ ಹೋಗ್ಬೇಕು. ನಾನು ಮುಖದ ಮೇಲೆಯೇ ಕೇಳಿದೆ. ದೇವರ ಮೇಲೆ ಆಣೆ ಹಾಕಿದ್ರು. ನಾನು ನಂಬ್ಲಿಲ್ಲ. ಅವತ್ತೇ ಬ್ಯಾಗ್ ಹಿಡ್ಕೊಂಡು ಹೊರಟೆ, ಆರು ವರ್ಷ ಆಯ್ತು." ಈಗ ಅವಳು ಅಂಧೇರಿಯಲ್ಲಿ ಇಬ್ಬರು ನರ್ಸುಗಳ ಜೊತೆ ಪೇಯಿಂಗ್ ಗೆಸ್ಟ್. ಅವರಿಬ್ಬರಿಗೂ ರಾತ್ರಿ ಡ್ಯೂಟಿ. ಇವಳು ಮನೆಗೆ ಬರುವಾಗ ಅವರು ಹೊರಟಿರುತ್ತಾರೆ.

"ಸಂದೀಪ, ಇದನ್ನು ಹಾಕಿಕೊಡು ಮಾರಾಯ," ಎಂದರು ಐತಣ್ಣ. "ಹುಡುಗಿಯ ಸಮಾಧಾನಕ್ಕಾದರೂ."

ಸಂದೀಪ ಅವಳ ನೋಂದಣಿ ನಂಬರು ಹಾಕಿ ಪುಟ ತೆರೆದ. ದೊಡ್ಡ ಫೋಟೋ ಬಂತು.

ಫೋಟೋದಲ್ಲಿ ಒಬ್ಬ ಹುಡುಗಿ ಇದ್ದಳು ಎನ್ನಬಹುದು, ಅಷ್ಟೆ. ಕಣ್ಣಿನ ಸುತ್ತ ಕಪ್ಪು ಗೆರೆ ಒಡೆದು ಚೌಕಚೌಕವಾಗಿತ್ತು. ಎಡಗೆನ್ನೆಯ ಮೇಲೆ, ಮೂಗಿನ ಪಕ್ಕದಿಂದ ಕಿವಿಯ ತನಕ, ಸುಣ್ಣ ಬಳಿದ ಹಾಗೆ ಬಿಳಿ. ತುಟಿಯ ಅಂಚಿನಲ್ಲಿ ಇನ್ನೊಂದು, ಹಣೆಯಲ್ಲಿ ಒಂದು. ಬೇರೆ ಯಾರೇ ನೋಡಿದರೂ ಒಂದೇ ಮಾತು ಹೇಳುತ್ತಿದ್ದರು. ಸಂದೀಪನಿಗೆ ಮಾತ್ರ ಅರೆಕ್ಷಣದಲ್ಲಿ ಗೊತ್ತಾಯಿತು: ಇದು ಚರ್ಮವಲ್ಲ, ಕೋಡು.

"ಫೈಲ್ ಕೊಡಿ ಐತಣ್ಣ," ಎಂದ. ಫಾರಮ್ಮಿನ ಮೇಲೆ ಅಂಟಿಸಿದ ಫೋಟೋದಲ್ಲಿ ಇಪ್ಪತ್ತೆಂಟರ ವಾರಿಜಾ ತಿಳಿಯಾಗಿ ನಗುತ್ತಿದ್ದಳು. ಕೆನ್ನೆ ಕನ್ನಡಿಯ ಹಾಗಿತ್ತು.

"ನಿಮ್ಮ ಪುಟ ನೀವು ನೋಡೇ ಇಲ್ವಾ?" ಎಂದು ಕೇಳಿದ.

"ಪಾಸ್‌ವರ್ಡ್ ಅಣ್ಣನ ಹತ್ರ ಇತ್ತು. ಅವನ ಫೋನಲ್ಲಿ ಉಗುರಿನಷ್ಟಿದ್ದಾಗ ಒಮ್ಮೆ ನೋಡಿದ್ದೆ. ನನ್ನ ಮುಖ ನನಗೆ ಗೊತ್ತುಂಟಲ್ಲ, ನೋಡುವುದೆಂತ? ಯಾಕೆ?"

ಅವಳು ಎದ್ದು ಪರದೆಯ ಕಡೆ ಬರುವ ಮೊದಲೇ ಸಂದೀಪ ಪುಟ ಮುಚ್ಚಿದ. "ಸರ್ವರ್ ಸ್ಲೋ ಉಂಟು. ಮುಂದಿನ ಭಾನುವಾರ ಬನ್ನಿ, ಹಾಕಿಡ್ತೇನೆ." ಹೇಡಿ. ಅವನೇ ತನ್ನನ್ನು ಹಾಗೆ ಬೈದುಕೊಂಡ, ನಾನು ಬೇರೆ ಬೈಯುವುದೇನು.

ಮಧ್ಯಾಹ್ನದ ಲೋಕಲ್ ಹಿಡಿದು ಮನೆಗೆ ಬಂದವನು ಊಟವನ್ನೂ ಮಾಡದೆ ಲ್ಯಾಪ್‌ಟಾಪ್ ತೆರೆದು, ಹದಿಮೂರು ವರ್ಷದ ಹಿಂದಿನ ತನ್ನ ಕೋಡನ್ನು ಮೊದಲ ಸಲ ಪೂರ್ತಿ ಓದಿದ. ತಪ್ಪು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಫೋಟೋ ಬಂದಾಗ ಅದನ್ನು ಮೊದಲು ಉಗುರಿನಷ್ಟಕ್ಕೆ ಕುಗ್ಗಿಸುವ ಸಾಲು ಬರೆದಿದ್ದ. ಅದರ ಕೆಳಗೆ ದೊಡ್ಡದು ಮಾಡುವ ಸಾಲು. ಆದರೆ ದೊಡ್ಡದನ್ನು ಅಸಲಿನಿಂದ ಮಾಡುವ ಬದಲು, ಈಗಷ್ಟೇ ಕುಗ್ಗಿದ ಉಗುರಿನಷ್ಟರ ಫೋಟೋದಿಂದ ಹಿಗ್ಗಿಸಿದ್ದ. ದೊಡ್ಡ ಫೋಟೋ ಚಿಕ್ಕದಾಗುವಾಗ ಹತ್ತಾರು ಚುಕ್ಕೆಗಳು ಬೆರೆತು ಒಂದಾಗುತ್ತವೆ. ಆ ಒಂದನ್ನು ಹಿಗ್ಗಿಸಿದರೆ ಕಂಪ್ಯೂಟರು ಕಳೆದುಹೋದದ್ದನ್ನೆಲ್ಲ ಊಹಿಸಬೇಕು. ಊಹೆಯಲ್ಲಿ ಮುಖ ಬರುತ್ತದೆಯೇ? ಸರ್ವರಿನಲ್ಲಿ ಜಾಗ ಉಳಿಸಲೆಂದು ಅಸಲನ್ನು ಅಳಿಸಿಯೂ ಬಿಟ್ಟಿದ್ದ, ಜಾಣ!

ಅಷ್ಟಕ್ಕೇ ನಿಂತಿದ್ದರೆ ಫೋಟೋ ಬರೀ ಮಂಜಾಗುತ್ತಿತ್ತು. ಸೈಟು ಶುರುವಾದ ಮೂರು ವರ್ಷದ ಮೇಲೆ ಯಾರೋ ಹಾಗೆ ದೂರಿದ್ದರು. ಆಗ ಸಂದೀಪ ಏನು ಮಾಡಿದ್ದ ಗೊತ್ತೇ? ಕಾರಣ ಹುಡುಕದೆ, ಅಂಚುಗಳನ್ನು ಚೂಪು ಮಾಡುವ ಒಂದು ಸಾಲು ಕೆಳಗೆ ಸೇರಿಸಿ ಕೈತೊಳೆದುಕೊಂಡಿದ್ದ. ಚೂಪು ಮಾಡುವುದೆಂದರೆ ತಿಳಿಯನ್ನು ಇನ್ನಷ್ಟು ತಿಳಿ, ಕಪ್ಪನ್ನು ಇನ್ನಷ್ಟು ಕಪ್ಪು ಮಾಡುವುದು. ಒಮ್ಮೆ ಮಾಡಿದರೆ ಚೆಂದ. ಆದರೆ ಪ್ರತಿ ವರ್ಷ ಹುಟ್ಟಿದ ತಿಂಗಳು ಬಂದಾಗ, ವಯಸ್ಸಿಗೆ ಒಂದು ಸೇರಿಸಿ ಪುಟವನ್ನು ತಾನಾಗಿ ಮತ್ತೆ ಸೇವ್ ಮಾಡುವಂತೆಯೂ ಅವನೇ ಬರೆದಿದ್ದ. ಸೇವ್ ಆದಾಗಲೆಲ್ಲ ಫೋಟೋ ಮತ್ತೆ ಕುಗ್ಗಿ, ಮತ್ತೆ ಹಿಗ್ಗಿ, ಮತ್ತೆ ಚೂಪಾಗುತ್ತಿತ್ತು. ಕೆನ್ನೆಯ ಮೇಲೆ ಸ್ಟುಡಿಯೋದ ಲೈಟು ಬಿದ್ದ ಜಾಗ ವರ್ಷವರ್ಷವೂ ಬೆಳ್ಳಗಾಗುತ್ತ ಹರಡಿತ್ತು.

ಬೇಗ ಮದುವೆಯಾದವರ ಪುಟ ಒಂದೆರಡು ವರ್ಷದಲ್ಲಿ ಸೈಟಿನಿಂದ ಹೋಗುತ್ತಿತ್ತು, ಅವರಿಗೆ ಏನೂ ಆಗಲಿಲ್ಲ. ಉಳಿದವರ ಮುಖ ಮಾತ್ರ ಕೆಡುತ್ತ ಹೋಯಿತು. ಕೆಟ್ಟದ್ದರಿಂದ ಇನ್ನೂ ಉಳಿದರು, ಉಳಿದದ್ದರಿಂದ ಇನ್ನೂ ಕೆಟ್ಟಿತು. ಸಂದೀಪ ಎಣಿಸಿದ. ಅಂಥವರು ಅರವತ್ತೊಂದು ಜನ.

ಯಾರು ಯಾರ ಪುಟ ನೋಡಿದರು, ಬೇಡ ಎಂದವರು ಏನು ಕಾರಣ ಬರೆದರು ಎನ್ನುವುದೆಲ್ಲ ಸೈಟಿನಲ್ಲಿ ದಾಖಲಾಗಿರುತ್ತಿತ್ತು. ವಾರಿಜಾಳ ಪುಟದಲ್ಲಿ ತೊನ್ನಿನ ಮಾತು ಮೊದಲು ಬಂದದ್ದು ಯಾವಾಗ ಎಂದು ನೋಡಿದ. ಏಳು ವರ್ಷದ ಹಿಂದಿನ ಆಗಸ್ಟ್. "ಕೆನ್ನೆಯಲ್ಲಿ ಬಿಳಿ ಉಂಟು. ಬೇಡ." ಅದಾಗಿ ಒಂದು ತಿಂಗಳೊಳಗೆ ಇನ್ನು ನಾಲ್ಕು ಮನೆಯವರು ಅದೇ ಕಾರಣ ಬರೆದಿದ್ದರು. ವಿಚಿತ್ರವೆಂದರೆ ಆ ನಾಲ್ವರು ಅವಳ ದೊಡ್ಡ ಫೋಟೋವನ್ನು ತೆರೆದೇ ಇರಲಿಲ್ಲ. ನೋಡದೆ ಬರೆದರು ಎಂದರೆ ಯಾರಿಂದಲೋ ಕೇಳಿ ಬರೆದರು. ನಾಲ್ವರ ಹೆಸರನ್ನೂ ಓದಿದ. ನಾಲ್ವರೂ ಅವನ ಅಮ್ಮನ ಜೊತೆ ಶನಿವಾರದ ಭಜನೆಗೆ ಕೂರುತ್ತಿದ್ದ ಹೆಂಗಸರು.

ಮೊದಲು ಬರೆದವರ ನಂಬರು ಅವನದೇ.

ನೆನಪಾಯಿತು. ನೆನಪಾಗದೆ ಏನು ಮಾಡುತ್ತದೆ. ಆಗ ಅವನಿಗೆ ಮೂವತ್ತಾರು. ಅಮ್ಮನ ಒತ್ತಾಯಕ್ಕೆ ಸೈಟಿನಲ್ಲಿ ತನ್ನ ಹೆಸರನ್ನೂ ಸೇರಿಸಿ, ಆರಿಸುವ ಕೆಲಸವನ್ನು ಪೂರ್ತಿ ಅವರಿಗೇ ಬಿಟ್ಟಿದ್ದ. ಒಂದು ಸಂಜೆ ಅಮ್ಮ ಮಂಚದ ಮೇಲೆ ಕೂತು ಟ್ಯಾಬಿನಲ್ಲಿ ಹುಡುಗಿಯರನ್ನು ನೋಡುತ್ತಿದ್ದರು. ಅವನು ಎದುರಿನ ಕುರ್ಚಿಯಲ್ಲಿ ಆಫೀಸಿನ ಕೆಲಸ ಹಚ್ಚಿಕೊಂಡಿದ್ದ, ದೀಪಾವಳಿ ಸೇಲಿನ ಚಪ್ಪಲಿಗಳು. "ಇದೊಂದು ಒಳ್ಳೆ ಮನೆತನ ಉಂಟು ಮಗಾ, ಓದಿದ್ದಾಳೆ, ಕೆಲಸ ಉಂಟು. ಆದರೆ ಕೆನ್ನೆಯಲ್ಲಿ ಎಂತದೋ ಬಿಳಿ ಉಂಟು. ನೋಡು ಒಮ್ಮೆ," ಎಂದಿದ್ದರು. ಅವನು ತಲೆಯೆತ್ತದೆ, "ನಿಮಗೆ ಬೇಡ ಅನ್ನಿಸಿದ್ರೆ ಬೇಡ ಅಮ್ಮ," ಎಂದು, ಅಮ್ಮನಿಗೆ ಟೈಪು ಮಾಡಲು ಬಾರದ್ದರಿಂದ, ಅವರು ಹೇಳಿದ ನಂಬರಿನ ಮುಂದೆ ಅವರು ಹೇಳಿದ ಕಾರಣವನ್ನು ತಾನೇ ಹೊಡೆದಿದ್ದ. ಫೋಟೋ ತೆರೆದಿರಲಿಲ್ಲ. ಅರ್ಧ ನಿಮಿಷದ ಕೆಲಸ.

ಅಮ್ಮ ಅದನ್ನು ಭಜನೆಯಲ್ಲಿ ಹೇಳಿರಬೇಕು. ಕೇಡು ಬಗೆದು ಹೇಳುವ ಹೆಂಗಸಲ್ಲ. ಪಾಪ, ಆ ಹುಡುಗಿಗೆ ಹೀಗುಂಟು ನೋಡಿ ಎಂದು ಮರುಕದಿಂದಲೇ ಹೇಳಿರುತ್ತಾರೆ. ಮರುಕದಿಂದ ಹೇಳಿದ್ದು ಇನ್ನೂ ಬೇಗ ಹರಡುತ್ತದೆ.

ಸೋಮವಾರದಿಂದ ಶನಿವಾರದ ತನಕ ಸಂದೀಪ ಹೇಗೆ ಕೆಲಸ ಮಾಡಿದನೋ ಅವನಿಗೇ ಗೊತ್ತಿಲ್ಲ. ಕೋಡು ಸರಿಮಾಡಿದ. ಒಂದು ಸಂಜೆ ದಾದರಿಗೆ ಹೋಗಿ, ಕಾರಣ ಹೇಳದೆ ಐತಣ್ಣನ ಫೈಲು ಹೊತ್ತು ತಂದು, ಅರವತ್ತೊಂದು ಫೋಟೋಗಳನ್ನೂ ಸ್ಕ್ಯಾನ್ ಮಾಡಿ ಏರಿಸಿದ. ಇಷ್ಟಕ್ಕೆ ಬಿಟ್ಟರೂ ಆಗುತ್ತಿತ್ತು, ಯಾರಿಗೂ ಪತ್ತೆಯಾಗುತ್ತಿರಲಿಲ್ಲ. ಆದರೆ ವಾರಿಜಾಳ ಅಣ್ಣನ ಮನೆಯಲ್ಲಿ ಒಬ್ಬ ಅತ್ತಿಗೆ ಮಾಡದ ತಪ್ಪು ಹೊತ್ತು ಕೂತಿದ್ದಾಳೆ. ಅವಳು ಮಾಡಿಲ್ಲ ಎನ್ನಲು ಇಡೀ ಮುಂಬಯಿಯಲ್ಲಿ ಸಾಕ್ಷಿ ಇರುವುದು ಇವನೊಬ್ಬನ ಹತ್ತಿರ. ಹೇಳಬೇಕಾದರೆ ಅಮ್ಮನ ಹೆಸರು ತೆಗೆಯಬೇಕು, ತಿರುಗಿ ಉತ್ತರ ಕೊಡಲು ಅಮ್ಮ ಇಲ್ಲ.

ಇದರ ಜೊತೆಗೆ ಇನ್ನೊಂದು ಹುಚ್ಚು. ಸ್ಕ್ಯಾನ್ ಮಾಡುವಾಗ ಅವಳ ಫೋಟೋವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದ. ಅವಳೂ ಒಂಟಿ, ತಾನೂ ಒಂಟಿ, ಕೇಳಿದರೆ ತಪ್ಪೇನು? ನಲವತ್ತಮೂರಕ್ಕೆ ಬಂದ ಆಸೆ ಹದಿನೆಂಟರ ಆಸೆಗಿಂತ ಹೆಚ್ಚು ನಾಚಿಸುತ್ತದೆ. ಅಮ್ಮನ ಫೋಟೋದ ಮುಂದೆ ನಿಂತು, "ನಿಮ್ಮ ಹೆಸರು ಹೇಳ್ಲಾ, ಬೇಡ್ವಾ?" ಎಂದು ಕೇಳಿದ. ಫೋಟೋಗಳು ಎಂದಾದರೂ ಉತ್ತರ ಕೊಟ್ಟಿದ್ದುಂಟೇ. ಕೋಡಿನ ತಪ್ಪು ಮಾತ್ರ ಹೇಳುವುದು, ಅಮ್ಮನ ವಿಷಯ ಬೇಡ ಎಂದು ಶನಿವಾರ ತೀರ್ಮಾನಿಸಿ, ಒಂದು ಅಂಗಿಗೆ ಇಸ್ತ್ರಿ ಹಾಕಿಕೊಂಡ.

ಭಾನುವಾರ ಆಫೀಸಿನಲ್ಲಿ ಅವರಿಬ್ಬರೇ ಇದ್ದರು. ಐತಣ್ಣ ಯಾವುದೋ ನಾಮಕರಣಕ್ಕೆ ಹೋಗಿದ್ದರು. ಸಂದೀಪ ಹಳೆಯ ಫೋಟೋವನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದು ತೋರಿಸಿದ. ಕುಗ್ಗಿಸಿದ್ದು, ಹಿಗ್ಗಿಸಿದ್ದು, ಚೂಪು ಮಾಡಿದ್ದು, ವರ್ಷ ವರ್ಷವೂ ಅದೇ ಆದದ್ದು, ಎಲ್ಲ ಹೇಳಿದ. "ನಿಮ್ಮ ಮುಖದ್ದಲ್ಲ, ನನ್ನ ತಪ್ಪು," ಎಂದ.

ವಾರಿಜಾ ಆ ಬಿಳಿ ಕೆನ್ನೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಸಂದೀಪ ನಿರೀಕ್ಷಿಸದಂತೆ, ನಕ್ಕುಬಿಟ್ಟಳು. "ಅಯ್ಯೋ ದೇವರೇ! ಇದನ್ನು ನೋಡಿದ್ರೆ ನಾನೇ ಬೇಡ ಅಂತಿದ್ದೆ. ಭೂತದ ಹಾಗೆ ಕಾಣ್ತೇನೆ ಮಾರಾಯ್ರೇ!" ನಗುನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. "ಏಳು ವರ್ಷ ಕನ್ನಡಿ ಮುಂದೆ ನಿಂತು ಹುಡುಕಿದ್ದೇನೆ ಗೊತ್ತುಂಟಾ? ಎಲ್ಲರೂ ಹೇಳ್ತಾರೆ ಅಂದ್ರೆ ಎಲ್ಲಾದ್ರೂ ಇರ್ಲೇಬೇಕು, ನನ್ನ ಕಣ್ಣಿಗೇ ಕಾಣುವುದಿಲ್ಲ ಅಂತ."

ಸಂದೀಪ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ. ಅವಳು ಅವನ ಆಫೀಸಿನ ಬಗ್ಗೆ ಕೇಳಿದಳು, ಚಪ್ಪಲಿಯ ಸಂಗತಿ ಕೇಳಿ ಇನ್ನೊಮ್ಮೆ ನಕ್ಕಳು. ಅವನ ಮಾತಿಗೆ ಒಬ್ಬರು ಹೀಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಕೇಳಿಯೇಬಿಡೋಣ, ಈಗಲೇ ಕೇಳಿಬಿಡೋಣ ಎಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

ಅಷ್ಟರಲ್ಲಿ ಅವಳು ಲೋಟ ಕೆಳಗಿಟ್ಟಳು. "ಆದ್ರೂ ನೋಡಿ, ಫೋಟೋ ನೋಡಿದವರು ಬೇಡ ಅಂದದ್ದು ಸರಿ. ಫೋಟೋ ನೋಡದವರಿಗೂ ಗೊತ್ತಿತ್ತಲ್ಲ? ಊರಿಡೀ ಹೇಳಿದವರು ಒಬ್ರು ಇರ್ಲೇಬೇಕಲ್ಲ? ಅದು ಅತ್ತಿಗೆಯೇ. ಅವರನ್ನು ಮಾತ್ರ ನಾನು ಸಾಯುವ ತನಕ ಕ್ಷಮಿಸುವುದಿಲ್ಲ. ಅಮ್ಮ ಇಲ್ಲದ ನನ್ನನ್ನು ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವರು, ಅವರೇ ಹೀಗೆ ಮಾಡಿದ್ರಲ್ಲ."

ಸುಮ್ಮನಿದ್ದರೆ ಅವಳು ಇನ್ನೂ ಒಂದಿಷ್ಟು ಹೊತ್ತು ಕೂರುತ್ತಿದ್ದಳು. ಮುಂದಿನ ಭಾನುವಾರವೂ ಬರುತ್ತಿದ್ದಳೋ ಏನೋ. ಸಂದೀಪನಿಗೆ ಅದು ಗೊತ್ತಿತ್ತು. ಆದರೆ ತಲೆಗೆ ಎಣ್ಣೆ ಹಚ್ಚಿದ ಆ ಕೈಯ ಮಾತು ಬಂದ ಮೇಲೆ ಅವನಿಂದ ಸುಮ್ಮನಿರಲು ಆಗಲಿಲ್ಲ.

"ಅತ್ತಿಗೆಯಲ್ಲ," ಎಂದ. "ನನ್ನ ಅಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಅವನು ದಾಖಲೆ ತೆರೆದು, ತನ್ನ ನಂಬರು ತೋರಿಸಿ, ಭಜನೆಯ ನಾಲ್ವರ ಹೆಸರು ಓದಿ, ಒಂದೂ ಬಿಡದೆ ಹೇಳಿದ. "ಅಮ್ಮ ಬೇಕಂತ ಹೇಳಿದ್ದಲ್ಲ. ಅವರೀಗ ಇಲ್ಲ. ಬೈಯುವುದಿದ್ರೆ ನನಗೆ ಬೈಯಿರಿ."

ಅವಳು ಬೈಯಲಿಲ್ಲ. ಪರದೆಯ ಮೇಲಿನ ಆ ಒಂದು ಸಾಲನ್ನು ಓದಿದಳು, ಮತ್ತೆ ಓದಿದಳು.

"ಇದನ್ನು ಬರೆದದ್ದು ನೀವಾ?"

"ಹೌದು. ಅಮ್ಮ ಹೇಳಿದ್ರು, ನಾನು ಟೈಪ್ ಮಾಡಿದೆ."

"ಫೋಟೋ ನೋಡಿದ್ರಾ?"

"ಇಲ್ಲ."

"ಅಮ್ಮ ನೋಡು ಅನ್ನಲಿಲ್ವಾ?"

"ಅಂದ್ರು. ನಾನು ನೋಡ್ಲಿಲ್ಲ."

"ನೋಡಿದ್ರೆ ನಿಮಗೆ ಗೊತ್ತಾಗ್ತಿತ್ತು, ಅಲ್ವಾ? ಇದು ಬಿಳಿ ಅಲ್ಲ ಅಂತ."

"ಗೊತ್ತಾಗ್ತಿತ್ತು," ಎಂದ ಸಂದೀಪ. "ಆಗಲೇ ಗೊತ್ತಾಗ್ತಿತ್ತು."

ವಾರಿಜಾ ಫೋಲ್ಡರನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಬಾಗಿಲ ತನಕ ಹೋಗಿ ನಿಂತಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಆ ವರ್ಷ ಐತಣ್ಣ ಫೈಲ್ ಹಿಡ್ಕೊಂಡು ನಮ್ಮ ಮನೆಗೂ ಬಂದಿದ್ರು," ಎಂದಳು. "ನಿಮ್ಮ ಫೋಟೋ ತೋರಿಸಿದ್ರು. ಕನ್ನಡಕ ಹಾಕಿ, ನೀಲಿ ಅಂಗಿ. ಅತ್ತಿಗೆಯೂ ನಾನೂ ಕೂತು ನೋಡಿದ್ದೆವು. ನಾನು ಹೂಂ ಅಂದಿದ್ದೆ."

ಅಷ್ಟು ಹೇಳಿ ಮೆಟ್ಟಿಲಿನ ಕಡೆ ಹೋದಳು. ಒಂದೆರಡು ಮೆಟ್ಟಿಲು ಇಳಿದ ಸದ್ದು ಕೇಳಿತು, ಆಮೇಲೆ ನಿಂತಿತು. ಫೋನು ಹಚ್ಚಿದ್ದಳು. "ಅತ್ತಿಗೆ," ಎಂದಳು, "ನಾನು ವಾರಿಜಾ. ಇಡಬೇಡಿ ಅತ್ತಿಗೆ, ಇಡಬೇಡಿ, ಒಂದು ಮಾತು ಹೇಳ್ಬೇಕು." ಆಚೆ ಕಡೆಯಿಂದ ಏನು ಬಂತೋ, ಅವಳು ಗೋಡೆಗೆ ಒರಗಿ ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆಯೇ "ಹೂಂ, ಬರ್ತೇನೆ, ಈಗಲೇ ಬರ್ತೇನೆ," ಎನ್ನುವುದು ಕೇಳಿಸಿತು.

ಸಂದೀಪ ಒಳಗೆ ಕೂತು ಆ ದನಿ ಕೆಳಗಿನ ರಸ್ತೆಯ ಗದ್ದಲದಲ್ಲಿ ಕರಗುವ ತನಕ ಕೇಳಿದ. ಅವನಿಗೂ ಯಾರಿಗಾದರೂ ಫೋನು ಮಾಡಿ ಇದನ್ನೆಲ್ಲ ಹೇಳಬೇಕೆನ್ನಿಸಿತು. ಫೋನು ಕೈಗೆತ್ತಿಕೊಂಡು ಹೆಸರುಗಳನ್ನು ಮೇಲಿಂದ ಕೆಳಗಿನ ತನಕ ನೋಡಿದ. ನೋಡಿ, ಮೇಜಿನ ಮೇಲಿಟ್ಟ.